ಅತ್ತೆಮನೆಯ ಘಟಕ್ಕೆ ನೆರಳು ಹಿಡಿದದ್ದು

ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಸುಖವಿದೆ. ನಾವು ಹೇಳಿಕೊಟ್ಟದ್ದನ್ನು 'ಎಲ್ಲಿ, ಮನೆಗೆ ಬಂದು ಮಾಡಿ ತೋರಿಸಿ ನೋಡೋಣ' ಎಂದು ಯಾರೂ ಕೇಳುವುದಿಲ್ಲ. ಈಜು ಕಲಿಸುವವನು ನೀರಿಗಿಳಿಯಲೇಬೇಕು, ಸಂಗೀತ ಕಲಿಸುವವನು ಬಾಯಿ ಬಿಡಲೇಬೇಕು. ಜೀವಶಾಸ್ತ್ರ ಕಲಿಸುವ ನನ್ನಂಥವನು ಮಾತ್ರ ಬೋರ್ಡಿನ ಮೇಲೆ ಒಂದು ಎಲೆ, ಅದರ ತಲೆಯ ಮೇಲೊಬ್ಬ ಸೂರ್ಯ, ಇಬ್ಬರ ನಡುವೆ ನಾಲ್ಕು ಬಾಣ ಬರೆದು, ಚಾಕ್ ಪುಡಿ ಕೊಡವಿಕೊಂಡು, ದ್ಯುತಿಸಂಶ್ಲೇಷಣೆ ಮುಗಿಯಿತೆಂದು ಚಹಾ ಕುಡಿಯಲು ಹೋಗಬಹುದು. ಎಲೆ ನಿಜವಾಗಿಯೂ ತನ್ನ ಅಡುಗೆ ಮಾಡಿಕೊಂಡಿತೋ ಇಲ್ಲವೋ ಎಂದು ವಿಚಾರಿಸುವವರಿಲ್ಲ. ಹೀಗೆ ನೆಮ್ಮದಿಯಾಗಿದ್ದವನಿಗೆ ಒಂದು ನವರಾತ್ರಿಯಲ್ಲಿ ಗ್ರಹಚಾರ ಕಾದಿತ್ತು. ಗಿಡಕ್ಕೆ ಬೆಳಕು ಬೇಕು, ಬೆಳಕು ಬೇಕು ಎಂದು ವರ್ಷಗಟ್ಟಲೆ ಒದರಿದ ನಾನು, ಕಾರವಾರದ ಅತ್ತೆಮನೆಯಲ್ಲಿ ಒಂದು ಬುಟ್ಟಿ ಮೊಳಕೆಗೆ ಬೆಳಕು ಬೀಳದಂತೆ ಮಾಡಲು ಸ್ಟೂಲು ಹತ್ತಿದೆ, ಸುಳ್ಳು ಹೇಳಿದೆ, ಟ್ಯೂಬ್‌ಲೈಟಿನ ಸ್ಟಾರ್ಟರ್ ಕದ್ದೆ.

ಮೊದಲು ಅತ್ತೆಯ ವಿಷಯ ಹೇಳಬೇಕು. ಅವರು ಕಾರವಾರದ ಮೀನುಪೇಟೆಯಲ್ಲಿ ಮೀನು ಮಾರುವವರು. ಮಾವ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಬುಟ್ಟಿಯ ಮೇಲೆಯೇ ಸಾಕಿದವರು. ದೊಡ್ಡವಳು ಸುನಂದೆ, ನನ್ನ ಹೆಂಡತಿ. ಚಿಕ್ಕವಳು ಶೈಲಾ, ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅತ್ತೆಯ ಮಾತು ಪೇಟೆಯ ಗಲಾಟೆಯಲ್ಲಿ ಪಳಗಿದ ಮಾತು. ಮನೆಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಓಣಿಯವರು ತಲೆಯಾಡಿಸುತ್ತಾರೆ. ನನ್ನನ್ನು ಅವರು 'ಜಾಂವಯ್ ಮಾಸ್ತರ್' ಎಂದು ಕರೆಯುತ್ತಿದ್ದರು. ಅಳಿಯನೆಂಬ ಸಲುಗೆ ಒಂದು ಪಾಲು, ಮಾಸ್ತರನೆಂಬ ಅನುಮಾನ ಮೂರು ಪಾಲು ಆ ಕರೆಯಲ್ಲಿರುತ್ತಿತ್ತು.

ಹಿಂದಿನ ನವರಾತ್ರಿ ಮುಗಿದ ಮೇಲಷ್ಟೇ ಅತ್ತೆ ಹಳೆಯ ಹೆಂಚಿನ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದರು. ಹಳೆಯ ಮನೆಯ ದೇವರ ಕೋಣೆ ಎಂಥ ಕತ್ತಲೆಯದೆಂದರೆ, ದೇವರಿಗೆ ಹಚ್ಚಬೇಕಾದ ಗಂಧವನ್ನು ನಾನು ಒಮ್ಮೆ ಹಾಲಿನ ತಂಬಿಗೆಗೆ ಹಚ್ಚಿ ನಮಸ್ಕಾರ ಮಾಡಿದ್ದೆ. ಹೊಸ ಮನೆಯ ನಕಾಶೆ ಮಾಡುವಾಗ ನಾನು ಮೂಗು ತೂರಿಸಿ, 'ಅತ್ತೆ, ದೇವರಿಗೂ ಸ್ವಲ್ಪ ಗಾಳಿ ಬೆಳಕು ಬೇಡವೇ?' ಎಂದು ದೇವರ ಕೋಣೆಯ ಗೋಡೆಗೆ ದೊಡ್ಡದೊಂದು ಗಾಜಿನ ಕಿಟಕಿ ಇಡಿಸಿದೆ. ಮನೆ ಚೆನ್ನಾಗಿಯೇ ಆಯಿತು. ಎಷ್ಟು ಚೆನ್ನಾಯಿತೆಂದರೆ, ನಮ್ಮ ಬಾಡಿಗೆಮನೆಯ ಮಾಡು ಸೋರುತ್ತದೆಂದು ಮಳೆಗಾಲದ ಮಟ್ಟಿಗೆ ಬಂದ ನಾನು ಮತ್ತು ಸುನಂದೆ, ಮಳೆ ನಿಂತು ನವರಾತ್ರಿ ಬಂದರೂ ಅಲ್ಲೇ ಇದ್ದೆವು. ದಿನವೂ ಬೆಳಿಗ್ಗೆ ಅತ್ತೆಯ ಕೈಯ ಬಾಂಗಡೆ ಸಾರು ತಿಂದು ಕಾಲೇಜಿಗೆ ಹೋಗುವವನಿಗೆ ಸೋರುವ ಮಾಡಿನ ನೆನಪಾದರೂ ಯಾಕೆ ಬರಬೇಕು?

ನವರಾತ್ರಿಗೆ ಮಾತ್ರ ಮೀನು ಬಂದ್. ಅತ್ತೆ ಪೇಟೆಗೂ ಹೋಗುವುದಿಲ್ಲ. ಅವರ ತವರು ಕಾಳಿ ನದಿಯ ಆಚೆ, ಸದಾಶಿವಗಡದ ಕಡೆ. ಅಲ್ಲಿಂದ ಅವರು ಘಟ ಇಡುವ ಪದ್ಧತಿ ತಂದಿದ್ದರು. ಮೊದಲ ದಿನ ಅಗಲವಾದ ಬುಟ್ಟಿಯಲ್ಲಿ ಮಣ್ಣು ಹಾಕಿ, ನಡುವೆ ಕಲಶವಿಟ್ಟು, ಸುತ್ತ ಗೋಧಿ, ಭತ್ತ ಬಿತ್ತುತ್ತಾರೆ. ಉಪವಾಸವಿದ್ದ ಮನೆಯೊಡತಿ ಮಿಂದು ಬಂದು ನೀರು ಹಾಕಬೇಕು. ಉಳಿದವರು ಯಾರೂ ಮುಟ್ಟುವಂತಿಲ್ಲ. ದಸರೆಯ ಹೊತ್ತಿಗೆ ಮೊಳಕೆ ಬಂಗಾರದ ಬಣ್ಣದಲ್ಲಿ ಉದ್ದಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ಹೆಂಗಸರು ಮುಡಿಗೆ ಮುಡಿದುಕೊಳ್ಳುತ್ತಾರೆ, ಗಂಡಸರು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಘಟ ಚೆನ್ನಾಗಿ ಎದ್ದರೆ ಮನೆಗೆ ಒಳ್ಳೆಯದು. ಏಳದಿದ್ದರೆ ಆ ವರ್ಷ ಹೊಸದಾಗಿ ಯಾವುದಕ್ಕೂ ಕೈ ಹಾಕುವುದಿಲ್ಲ.

ಆ ವರ್ಷ ಕೈ ಹಾಕಬೇಕಾದದ್ದು ಶೈಲಾಳ ಮದುವೆಗೆ. ಹುಡುಗ ಅಂಕೋಲೆಯ ನಾಗೇಂದ್ರ. ನಾನು ಅಂಕೋಲೆಯ ಕಾಲೇಜಿನಲ್ಲಿದ್ದಾಗ ನನ್ನ ವಿದ್ಯಾರ್ಥಿ, ಈಗ ಮಲ್ಲಾಪುರದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಸಂಬಂಧ ತಂದವನು ನಾನೇ. ತರುವ ಮೊದಲೇ ಆ ಇಬ್ಬರು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಸಾಕಷ್ಟು ಮಾತಾಡಿಕೊಂಡಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ತಲೆನೋವಿನ ಗುಳಿಗೆಗೆ ಮಲ್ಲಾಪುರದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುವವನ ತಲೆಯಲ್ಲಿ ನೋವಲ್ಲದೆ ಬೇರೇನೋ ಇದೆಯೆಂದು ನಾನು ತಿಳಿದುಕೊಳ್ಳಬೇಕಿತ್ತು. ಅತ್ತೆಗೂ ಹುಡುಗ ಒಪ್ಪಿಗೆಯಾಗಿದ್ದ. ನಾಗೇಂದ್ರನ ಅಜ್ಜಿಯ ತವರೂ ಸದಾಶಿವಗಡದ ಕಡೆಯೇ ಆದ್ದರಿಂದ ಅವರ ಮನೆಯಲ್ಲೂ ಘಟ ಇಡುತ್ತಿದ್ದರು. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು: ದಸರೆಯ ದಿನ ಅವರು ತಮ್ಮ ಮೊಳಕೆ ತರಲಿ, ನಾವು ನಮ್ಮದು ಕೊಡುವಾ; ಎರಡೂ ಕಡೆ ಎದ್ದಿದ್ದರೆ ಮಾತು ಕೊಟ್ಟಂತೆ. ಇಲ್ಲದಿದ್ದರೆ ಮಡಗಾಂವಿನ ದೂರದ ಸಂಬಂಧಿಕರು ಕಾಯುತ್ತಿದ್ದಾರೆ, ಅವರಿಗೆ ಹೂಂ ಎನ್ನುವುದು.

ನಗಬೇಡಿ. ಅತ್ತೆಯ ಸ್ವಂತ ತಂಗಿಯ ಮದುವೆಗೆ, ಘಟ ಏಳದ ವರ್ಷ ಹಿರಿಯರು ಹಟ ಹಿಡಿದು ಮಾತು ಕೊಟ್ಟಿದ್ದರಂತೆ. ಆ ತಂಗಿ ಎರಡು ಮಳೆಗಾಲ ಕಳೆಯುವುದರೊಳಗೆ ಗಂಟು ಹಿಡಿದುಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅತ್ತೆಯದು ಬರೀ ನಂಬಿಕೆಯಲ್ಲ, ಹೆದರಿಕೆ. ನಂಬಿಕೆಯೊಡನೆ ವಾದ ಮಾಡಬಹುದು, ಹೆದರಿಕೆಯೊಡನೆ ಮಾಡಲಾಗುವುದಿಲ್ಲ.

ಬಿತ್ತಿ ಮೂರ್ನಾಲ್ಕು ದಿನವಾಗಿರಬೇಕು. ಬೆಳಿಗ್ಗೆ ದೇವರ ಕೋಣೆಯಿಂದ ಅತ್ತೆಯ ದನಿ ಬಂತು. "ಜಾಂವಯ್ ಮಾಸ್ತರ್, ಬನ್ನಿ ಇಲ್ಲಿ. ಇದು ಎಂತ ಆಯ್ತು ನೋಡಿ."

ನೋಡಿದೆ. ಮೊಳಕೆ ಬಂದಿತ್ತು. ಆದರೆ ಗಿಡ್ಡಕ್ಕೆ, ಹಚ್ಚಹಸಿರಾಗಿ, ಆಗ ತಾನೇ ಕ್ಷೌರ ಮಾಡಿಸಿಕೊಂಡ ಹುಲ್ಲಿನ ಹಾಗೆ. ಮೇಲಿನಿಂದ ನನ್ನ ಗಾಜಿನ ಕಿಟಕಿಯ ಬಿಸಿಲು ನೇರವಾಗಿ ಬುಟ್ಟಿಯ ಮೇಲೆ ಬೀಳುತ್ತಿತ್ತು.

"ಹಳೇ ಮನೇಲಿ ಇಷ್ಟೊತ್ತಿಗೆ ಬೆರಳುದ್ದ ಏಳ್ತಿತ್ತು, ಬಂಗಾರದ ಹಂಗೆ. ದೇವಿಗೆ ಈ ಮನೆ ಸೇರ್ಲಿಲ್ಲ ಕಾಣ್ತದೆ," ಎಂದರು ಅತ್ತೆ. ದನಿ ಸಣ್ಣದಾಗಿತ್ತು. ಅವರ ದನಿ ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಕಾರಣ ಗೊತ್ತಿತ್ತು. ಕತ್ತಲಲ್ಲಿ ಮೊಳಕೆ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ, ಹಳದಿಯಾಗಿರುತ್ತದೆ. ಬೆಳಕು ಸಿಕ್ಕಿದ ಕೂಡಲೇ ಉದ್ದವಾಗುವುದನ್ನು ಬಿಟ್ಟು ಹಸಿರಾಗುತ್ತದೆ. ದೇವಿಯ ಸಿಟ್ಟಿಲ್ಲ, ಏನಿಲ್ಲ, ಕಿಟಕಿಯದೇ ಕಾರುಬಾರು. ಹಾಗೆಂದು ಹೇಳಿಯೂ ನೋಡಿದೆ. "ಅತ್ತೆ, ಇಲ್ಲಿ ಬೆಳಕು ಜಾಸ್ತಿಯಾಯಿತು. ಅದಕ್ಕೇ ಗಿಡ್ಡ."

"ಬೆಳ್ಕು ಜಾಸ್ತಿಯಾದ್ರೆ ಗಿಡ ಬೆಳೂದಿಲ್ವಾ? ನೀವು ಕಾಲೇಜಲ್ಲಿ ಹಂಗೇ ಹೇಳಿಕೊಡೂದಾ?" ಎಂದು ಅತ್ತೆ ನನ್ನನ್ನು ನೆಟ್ಟ ಕಣ್ಣಿಂದ ನೋಡಿದರು. "ಸಂಬಂಧ ತಂದವ್ರು ನೀವು. ಅದನ್ನ ಉಳ್ಸೂಕೆ ಎಂತಾದ್ರೂ ಹೇಳ್ತ್ರಿ. ನಂಗೆ ಗೊತ್ತಾಗೂದಿಲ್ವಾ?"

ಮಧ್ಯಾಹ್ನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಶೈಲಾ ಹಿಡಿದಳು. ಕೈಯಲ್ಲಿ ಹಿಂಡಿದ ಸೀರೆ, ಕಣ್ಣಲ್ಲಿ ನೀರು. "ಭಾವಾ, ಸಂಬಂಧ ತಂದದ್ದೂ ನೀವೇ, ಕಿಟಕಿ ಇಡ್ಸಿದ್ದೂ ನೀವೇ. ಎಂತಾದ್ರೂ ಮಾಡಿ. ನಾ ಮಡಗಾಂವಿಗೆ ಹೋಗೂದಿಲ್ಲ." ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈ ಹುಡುಗಿಯ ಬದುಕು ಗೋಧಿ ಮೊಳಕೆಯ ಉದ್ದದ ಮೇಲೆ ನಿಂತಿದೆ, ಉದ್ದ ನನ್ನ ಕಿಟಕಿಯ ಮೇಲೆ ನಿಂತಿದೆ.

ಇಲ್ಲಿ ಪಾಠದ ಒಂದು ತುಣುಕು ಹೇಳದೆ ಬಿಡಲಾರೆ, ಚಟ. ಗಿಡ ಅಡುಗೆ ಮಾಡಿಕೊಳ್ಳಲು ಬೆಳಕು ಬೇಕು, ನೀರು ಬೇಕು, ಗಾಳಿಯ ಇಂಗಾಲಾಮ್ಲ ಬೇಕು, ಹದವಾದ ಶಾಖ ಬೇಕು. ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಅಡುಗೆಯ ವೇಗ ನಿರ್ಧರಿಸುತ್ತದೆ. ಉಳಿದವನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. ಮನೆಯಲ್ಲಿ ತೆಂಗಿನಕಾಯಿ, ಮೆಣಸು, ಕೋಕಂ ರಾಶಿ ಇದ್ದು ಬಾಂಗಡೆ ಎರಡೇ ಇದ್ದರೆ, ಮಸಾಲೆ ಎಷ್ಟು ಅರೆದರೂ ಎರಡು ಬಾಂಗಡೆಯ ಸಾರೇ. ಇದನ್ನು ನಾವು ಮಿತಿಗೊಳಿಸುವ ಅಂಶ ಎನ್ನುತ್ತೇವೆ. (ಬಾಂಗಡೆಯೇ ಯಾಕೆ ನೆನಪಾಯಿತೆಂದರೆ, ಮೀನು ಕಾಣದೆ ಆಗ ನನಗೆ ಕೈಕಾಲು ಬಿದ್ದುಹೋಗಿತ್ತು.) ಜಗತ್ತಿನ ರೈತರೆಲ್ಲ ಆ ಮಿತಿಯನ್ನು ದಾಟಿಸಲು ಒದ್ದಾಡಿದರೆ, ನಾನು ಮಿತಿಯನ್ನು ಹೊಸದಾಗಿ ಹಾಕಬೇಕಿತ್ತು. ಅದೂ ಬುಟ್ಟಿಯನ್ನು ಮುಟ್ಟದೆ, ಅತ್ತೆಗೆ ತಿಳಿಯದೆ. ನನ್ನ ಕೈಗೆ ಸಿಗುವುದು ಸುತ್ತಲಿನ ಬೆಳಕೊಂದೇ.

ಮೊದಲು ಕಿಟಕಿಗೆ ಹಳೆಯ ಪೇಪರ್ ಅಂಟಿಸಿದೆ. ಸಂಜೆಯೊಳಗೆ ಅತ್ತೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದರು. "ದೇವಿ ತಲೆ ಮೇಲೆ ಇದನ್ನ ಯಾರು ಅಂಟ್ಸಿದ್ದು? ಇದ್ರಲ್ಲಿ ಸತ್ತವ್ರ ಫೋಟೋ ಅದೆ!" ನೋಡಿದರೆ ಹೌದು, ಶ್ರದ್ಧಾಂಜಲಿಯ ಪುಟ. ಸಾಲಾಗಿ ಹತ್ತಾರು ಜನ ಘಟದ ಮೇಲೆ ಕಣ್ಣಿಟ್ಟು ಕುಳಿತಿದ್ದರು. 'ನಾನಲ್ಲ' ಎಂದೆ. ಮನೆಯಲ್ಲಿ ಪೇಪರ್ ಓದುವವನು ನಾನೊಬ್ಬನೇ ಎಂಬುದು ಹೇಳಿದ ಮೇಲೆ ನೆನಪಾಯಿತು. ಅತ್ತೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟು ಹೋದರು.

ಆಗ ಹೊಳೆದದ್ದು ಮಾವಿನ ತೋರಣ. ಹಬ್ಬದಲ್ಲಿ ಅಲಂಕಾರವನ್ನು ಯಾರೂ ಕೀಳುವುದಿಲ್ಲ. ಹಿತ್ತಲಿನ ಮಾವಿನ ಮರದ ಎಲೆ ಕೊಯ್ದು, ಒತ್ತೊತ್ತಾಗಿ ಪೋಣಿಸಿ, ಒಂದರ ಮೇಲೊಂದು ಸಾಲು ಕಟ್ಟಿ ಕಿಟಕಿ ಮುಚ್ಚಿದೆ. ಕೋಣೆಗೆ ಹಳೆಯ ಮನೆಯ ಕತ್ತಲೆ ಬಂತು. ಜೀವನವಿಡೀ ಬಿಸಿಲು ಕುಡಿದ ಎಲೆಗಳನ್ನು ತಂದು ಬೇರೆ ಎಲೆಗಳ ಬಿಸಿಲು ತಪ್ಪಿಸಿದೆನಲ್ಲ ಎಂದು ಒಂದು ಗಳಿಗೆ ಮನಸ್ಸಿಗೆ ಹೇಗೋ ಆಯಿತು. ಆದರೆ ಅಕ್ಟೋಬರ್ ತಿಂಗಳ ಕಾರವಾರದ ಸೆಕೆ ನಿಮಗೆ ಗೊತ್ತಿರಬಹುದು. ಮರುದಿನಕ್ಕೆ ಎಲೆಗಳು ಸುರುಟಿ ಸಂದು ಬಿಟ್ಟವು, ಸಂದಿನಿಂದ ಬಿಸಿಲು ಇಣುಕಿತು. ಮತ್ತೆ ಸ್ಟೂಲು, ಮತ್ತೆ ಎಲೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರೂ ಗಮನವೆಲ್ಲ ಆ ಸಂದಿನ ಮೇಲೆಯೇ. ಮೋಡ ಬಂದರೆ ಸಮಾಧಾನ, ಬಿಸಿಲು ಬಂದರೆ ಕಣ್ಣು ಗಡಿಯಾರದ ಮೇಲೆ.

ಒಂದು ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತಾಗಲೇ ಅತ್ತೆ ಒಳಗೆ ಬಂದರು. ಸ್ಟೂಲು ಕಟಕಟ ಎಂದಿತು.

"ಎಂತ ಮಾಡ್ತ್ರಿ?"

"ಅಲಂಕಾರ," ಎಂದೆ.

ಅತ್ತೆ ತೋರಣದ ಸಾಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸುನಂದೆಯನ್ನು ಕರೆದು, "ನೋಡೇ, ನಿನ್ ಗಂಡಂಗೆ ದೇವಿ ಮೇಲೆ ಭಕ್ತಿ ಬಂತು," ಎಂದರು. ಅಂದಿನಿಂದ ಸಂಜೆಯ ಭಜನೆಗೆ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೈಗೆ ತಾಳ ಕೊಟ್ಟರು. ನನಗೂ ತಾಳಕ್ಕೂ ಹುಟ್ಟಾ ಆಗುವುದಿಲ್ಲ.

ಭಜನೆಗೆ ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಬಂದವರು ಮೊದಲು ಮಾಡುವ ಕೆಲಸವೆಂದರೆ ಟ್ಯೂಬ್‌ಲೈಟ್ ಹಾಕುವುದು. ಅದಕ್ಕೇ ಸ್ಟಾರ್ಟರ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ. ಅಷ್ಟೊಂದು ಜನರ ಉಸಿರಿನ ಇಂಗಾಲಾಮ್ಲ, ಎಣ್ಣೆದೀಪಗಳ ಶಾಖ, ಅತ್ತೆ ಧಾರಾಳವಾಗಿ ಸುರಿದ ನೀರು ಎಲ್ಲ ಆ ಕೋಣೆಯಲ್ಲಿತ್ತು. ಬೆಳಕೊಂದನ್ನು ಮಾತ್ರ ನಾನು ಕಿಸೆಯಲ್ಲಿಟ್ಟುಕೊಂಡು ತಾಳ ಕುಟ್ಟುತ್ತಿದ್ದೆ. ಅಂಗಿ ಒಗೆಯುವಾಗ ಸ್ಟಾರ್ಟರ್ ಸುನಂದೆಯ ಕೈಗೆ ಸಿಕ್ಕಿತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಸಾಸಿವೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರು ಒಂದೇ ಪಕ್ಷದಲ್ಲಿದ್ದದ್ದು ಬಹುಶಃ ಅದೊಂದೇ ಸಲ.

ಘಟ ಎದ್ದಿತು. ನವರಾತ್ರಿ ಮುಗಿಯುತ್ತ ಬಂದಂತೆ ಬುಡದ ಹಸಿರಿನ ಮೇಲೆ ಎಳೆಹಳದಿ ಎಳೆಗಳು ಸರಸರ ಮೇಲೆ ಬಂದವು. ಶೈಲಾ ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ಇಣುಕುತ್ತಿದ್ದಳು. ನಾನಿನ್ನು ಉಸಿರು ಬಿಡಬೇಕು, ಅಷ್ಟರಲ್ಲಿ ಹೊಸ ಸಂಕಟ: ಎದ್ದ ಮೊಳಕೆಯೆಲ್ಲ ಒಂದೇ ಕಡೆಗೆ ವಾಲತೊಡಗಿತು. ತೋರಣದ ಮೂಲೆಯಲ್ಲಿ ಒಂದು ಸಂದು ಉಳಿದಿತ್ತು. ಇಷ್ಟಿಷ್ಟೇ ಬೆಳಕು ಬರುವ ಆ ಕಡೆಗೇ ಎಲ್ಲ ಕತ್ತು ಚಾಚಿದ್ದವು. ಅತ್ತೆ ನೀರು ಹಾಕಲು ಬಂದವರು ತಂಬಿಗೆ ಹಿಡಿದುಕೊಂಡು ನಿಂತುಬಿಟ್ಟರು. ಬಿದ್ದ ಘಟ ಏಳದ ಘಟಕ್ಕಿಂತ ಕೆಟ್ಟದ್ದು ಎಂದು ಸುನಂದೆ ನನ್ನ ಕಿವಿಯಲ್ಲಿ ಹೇಳಿದಳು.

"ಈ ಗೋಡೆ ಆಚೆ ಯಾವ ದಿಕ್ಕು ಮಾಸ್ತರ್?" ಎಂದು ಅತ್ತೆ ಕೇಳಿದರು.

ನಾನು ತೊದಲುತ್ತ ಗೋಡೆ ನೋಡಿದೆ. ಶೈಲಾ ಬಾಗಿಲಿನಿಂದಲೇ, "ಅಂಕೋಲೆ ದಿಕ್ಕು," ಎಂದುಬಿಟ್ಟಳು.

"ಹೌದು," ಎಂದರು ಅತ್ತೆ, ಮೆಲ್ಲನೆ. "ದೇವಿಯೇ ಆಚೆ ಕೈ ತೋರಿಸ್ತಾ ಇದ್ದಾಳೆ." ನಾನು ಗೋಡೆಗೊರಗಿ ಕುಳಿತುಕೊಂಡೆ.

ದಸರೆಯ ದಿನ ಅಂಕೋಲೆಯವರು ಬಂದರು. ನಾಗೇಂದ್ರ ಇಸ್ತ್ರಿ ಅಂಗಿಯಲ್ಲಿ, ಅವನ ತಾಯಿ ಕೈಯಲ್ಲಿ ಬಟ್ಟೆ ಮುಚ್ಚಿದ ಹರಿವಾಣ ಹಿಡಿದು. ಅತ್ತೆ ನಮ್ಮ ಹಳದಿ ಮೊಳಕೆಯ ತಟ್ಟೆಯನ್ನು ನಡುವೆ ಇಟ್ಟರು. ನೋಡಲು ನಿಜಕ್ಕೂ ಬಂಗಾರ. ನಾಗೇಂದ್ರನ ತಾಯಿ ಬಟ್ಟೆ ಸರಿಸಿದರು.

ಹರಿವಾಣದಲ್ಲಿದ್ದದ್ದು ಗಿಡ್ಡಗಿಡ್ಡದ, ಕಡುಹಸಿರು ಹುಲ್ಲು.

ಶೈಲಾಳ ಮುಖ ಬಿಳಿಚಿಕೊಂಡಿತು. ನಾಗೇಂದ್ರನ ತಾಯಿ ಅಳುಮುಖ ಮಾಡಿ, "ನಮ್ಮನೇಲಿ ಪ್ರತಿ ವರ್ಷ ಚೆಂದ ಏಳ್ತಿತ್ತು. ಈ ಸಲ ಇಂವ ಕೇಳ್ಲಿಲ್ಲ," ಎಂದು ಮಗನನ್ನು ನೋಡಿದರು.

ನಾಗೇಂದ್ರನಿಗೆ ಏನೂ ಅರ್ಥವಾಗಿರಲಿಲ್ಲ. ಅವನು ನನ್ನ ಕಡೆ ತಿರುಗಿ ಹೆಮ್ಮೆಯಿಂದಲೇ ಹೇಳಿದ: "ಸರ್, ಕತ್ತಲೆ ಕೋಣೇಲಿ ಇಟ್ಟಿದ್ರು. ಈ ಸಲ ಸರಿಯಾಗಿ ಏಳ್ಲೇಬೇಕು ಅಂತ ಅಮ್ಮನ ಕೈಯಲ್ಲೇ ದಿನಾ ಅಂಗಳದ ಬಿಸಿಲಿಗೆ ಇಡಿಸ್ದೆ. ಬೆಳಕು ಕಮ್ಮಿಯಾದ್ರೆ ಉಳಿದದ್ದು ಎಷ್ಟಿದ್ರೂ ಪ್ರಯೋಜನ ಇಲ್ಲ ಅಂತ ನೀವೇ ಕಲಿಸಿದ್ರಲಾ?"

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಶೈಲಾಳ ಕಣ್ಣನ್ನು ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಅತ್ತೆ ಎರಡು ತಟ್ಟೆಯನ್ನೂ ಹತ್ತಿರಕ್ಕೆ ಎಳೆದುಕೊಂಡರು. ಪೇಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಒಂದೊಂದು ಎಳೆಯನ್ನೂ ಬೆರಳಲ್ಲಿ ಎತ್ತಿ ನೋಡಿದರು.

"ಮಾಸ್ತರ್, ಇನ್ನು ನೀವೇ ಹೇಳಿ. ಸುಳ್ಳು ಬೇಡ. ಇದು ಎದ್ದದ್ದಾ, ಬಿದ್ದದ್ದಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ತೋರಣ, ಪೇಪರ್, ಸ್ಟಾರ್ಟರ್ ಎಲ್ಲ ಒಪ್ಪಿಕೊಂಡೆ. ಸುನಂದೆ ಎದ್ದು ಹೋಗಿ ಸಾಸಿವೆ ಡಬ್ಬಿಯನ್ನೇ ತಂದಿಟ್ಟಳು. ಆಮೇಲೆ, ಬೋರ್ಡು ಚಾಕ್ ಇಲ್ಲದೆ, ಜೀವನದಲ್ಲಿ ಮೊದಲ ಸಲ ಬೆವರುತ್ತ ಪಾಠ ಹೇಳಿದೆ: "ಅತ್ತೆ, ಕಾಳಿನೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಸ್ವಲ್ಪ ಇರುತ್ತದೆ. ನಮ್ಮದು ಕತ್ತಲಲ್ಲಿ ಅದನ್ನೇ ತಿಂದು ಉದ್ದವಾಗಿದೆ. ಅಡುಗೆ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಬುತ್ತಿ ಮುಗಿದರೆ ಮಲಗುತ್ತದೆ. ಅವರದ್ದು ಬಿಸಿಲಲ್ಲಿ ನಿಂತು ತನ್ನ ಅಡುಗೆ ತಾನೇ ಮಾಡಿಕೊಳ್ಳಲು ಶುರು ಮಾಡಿದೆ. ಗಿಡ್ಡ ಇದೆ, ಆದರೆ ಗಟ್ಟಿ ಇದೆ. ನೆಟ್ಟರೆ ತೆನೆ ಬರುವುದು ಅದಕ್ಕೇ."

ಅತ್ತೆ ಒಂದು ಹಳದಿ ಎಳೆ, ಒಂದು ಹಸಿರು ಎಳೆ ಅಂಗೈಯಲ್ಲಿ ಜೋಡಿಸಿಟ್ಟುಕೊಂಡರು. ಶೈಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಕೆಂಪು ಮಾಡಿಕೊಂಡಿದ್ದಳು.

"ಅಂದ್ರೆ," ಎಂದರು ಅತ್ತೆ, "ನಮ್ಮದು ತಾಯಿ ಗಂಟು ತಿಂದು ಉದ್ದ ಆಗಿದ್ದು. ಅವ್ರದ್ದು ಸ್ವಂತ ಅನ್ನ ಬೇಯಿಸ್ಕೊಂಡು ನಿಂತಿದ್ದು."

"ಹೌದು."

"ನನ್ ತಂಗಿ ಗಂಡಂಗೆ ಅದೊಂದೇ ಬರ್ತಿರ್ಲಿಲ್ಲ," ಎಂದರು. ಹರಿವಾಣದಿಂದ ಒಂದು ಚಿವುಟು ಹಸಿರು ಕಿತ್ತು ಶೈಲಾಳ ಮುಡಿಗೆ ಸಿಕ್ಕಿಸಿದರು. "ಹೋಗು ಮಗಾ. 'ಬೇಡಾ' ಅಂದ್ರೂ ನೀ ಹೋಗುವವಳೇ. ಹೋಗು." ಶೈಲಾ ಅಲ್ಲೇ ತಾಯಿಯ ಹೆಗಲಿಗೆ ಮುಖವಿಟ್ಟು ಅತ್ತಳು. ನಾಗೇಂದ್ರನ ತಾಯಿಯೂ ಅತ್ತರು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಮರುದಿನ ಮನೆಗೆ ಮೀನು ಬರುತ್ತದೆಂಬ ಸಂತೋಷವೂ ಅದರಲ್ಲಿ ಸ್ವಲ್ಪ ಸೇರಿತ್ತು.

ಅಂಕೋಲೆಯವರನ್ನು ಬಸ್ಸಿಗೆ ಕಳಿಸಿ ಬಂದಾಗ ಅತ್ತೆ ಜಗಲಿಯಲ್ಲಿ ಕುಳಿತು ನಮ್ಮ ಹಳದಿ ಮೊಳಕೆಯ ಒಂದು ಎಳೆಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರು. ನನ್ನನ್ನು ಹತ್ತಿರ ಕರೆದು ಅದನ್ನು ಪ್ರೀತಿಯಿಂದಲೇ ನನ್ನ ಕಿವಿಗೆ ಸಿಕ್ಕಿಸಿದರು. ಆಮೇಲೆ ಕೇಳಿದರು:

"ಜಾಂವಯ್ ಮಾಸ್ತರ್, ಮಳೆ ನಿಂತು ಎಷ್ಟ್ ದಿನ ಆಯ್ತು?"

ನಾವು ಹಿಡಿದ ಹೊಸ ಬಾಡಿಗೆಮನೆಗೆ ದಿನವಿಡೀ ಬಿಸಿಲು ಬೀಳುತ್ತದೆ. ಅನ್ನವನ್ನು ನಾವೇ ಬೇಯಿಸಿಕೊಳ್ಳುತ್ತೇವೆ. ಅಲ್ಲಿಗೆ ಬಂದ ಮೇಲೆ ನಾನು ಸ್ವಲ್ಪ ಗಿಡ್ಡವಾಗಿದ್ದೇನೆ ಎಂದು ಸುನಂದೆ ಹೇಳುತ್ತಾಳೆ.